ಬಳೆ ಬಿಟ್ಟು ಕೊಯ್ಯಬೇಕು

ಮೊಯ್ದು ಬಂದವನೇ ಮರ ಹತ್ತಲಿಲ್ಲ.
ಚಪ್ಪಲಿ ಕಳಚಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿ,
ಸುತ್ತಿಗೆಯ ಹಿಡಿಯಿಂದ
ನೇರಳೆಯ ಬೆನ್ನು ತಟ್ಟುತ್ತ ಒಂದು ಸುತ್ತು ಬಂದ.
ಟೊಕ್. ಟೊಕ್. ಟೊಕ್.
ಬೀದಿಯ ಮಗ್ಗುಲಿಗೆ ಬಂದಾಗ, ಬೊಂ.

ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ.
ಮೂವತ್ತೊಂದು ವರ್ಷ ವಿರಾಜಪೇಟೆ ಆಸ್ಪತ್ರೆಯಲ್ಲಿ
ಡಾಕ್ಟರು ಎದೆ ತಟ್ಟಿ ನೋಡಿ ಸುಮ್ಮನಾಗುವುದನ್ನು
ಪಕ್ಕದಲ್ಲೇ ನಿಂತು ಕಂಡವಳು ನಾನು.

'ಕಡಿಸಿಬಿಡಿ ಸಿಸ್ಟರ್' ಬೇಲಿಯಾಚೆಯಿಂದ ಲವೀನಾ ಬಾಯಿ.
ಅವಳದೇನೂ ತಪ್ಪಲ್ಲ:
ಹೋದ ಕಕ್ಕಡದಲ್ಲಿ ತೊಡೆಗಾತ್ರದ ಕೊಂಬೆಯೊಂದು
ಅವಳ ಬೇಕರಿಯ ತಗಡನ್ನು
ಚಪಾತಿ ಮಡಚಿದ ಹಾಗೆ ಮಡಚಿಟ್ಟಿತ್ತು.
ಅಂದಿನಿಂದ ಗಾಳಿ ಎದ್ದರೆ ಸಾಕು,
ಮಗನನ್ನು ಹಿಂದಿನ ಕೋಣೆಯಲ್ಲಿ ಮಲಗಿಸುತ್ತಾಳೆ.

ನನ್ನದೂ ತಪ್ಪಲ್ಲ ಅನ್ನೋಣವೆಂದರೆ
ಬುಡಕ್ಕೆ ಕೆಂಪು ಸಿಮೆಂಟಿನ ಕಟ್ಟೆ ಕಟ್ಟಿಸಿದವಳು ನಾನೇ.
ಬೇರಿಗೆ ಚಳಿಯಾದೀತೆಂದು ಮೊಣಕಾಲೆತ್ತರ ಮಣ್ಣು ಪೇರಿಸಿ,
ಪೊಟರೆಯ ಬಾಯಿಗೆ ಒಂದೂವರೆ ಚೀಲ ಸಿಮೆಂಟು,
ಹುಳುಕು ಹಲ್ಲು ತುಂಬಿಸಿದ ಹಾಗೆ.

ಮೊಯ್ದು ಬಯ್ಯಲಿಲ್ಲ.
'ಎಲ್ಲ ಪ್ರೀತಿಯಿಂದಲೇ ಮಾಡಿದ್ದೀರಿ' ಅಂದ.
ಬಯ್ದಿದ್ದರೇ ವಾಸಿಯಿತ್ತು.

ಕಟ್ಟೆ ಒಡೆಯಲು ಎರಡು ದಿನ ಹಿಡಿಯಿತು.
ಪೊಟರೆಯ ಬಿರಡೆ ಕಿತ್ತಾಗ
ಎರಡು ಬಕೆಟ್ ಕಪ್ಪು ನೀರು ಸುರಿಯಿತು.
ಕಟ್ಟು ಬಿಚ್ಚದೆ ಬಿಟ್ಟ ಕಾಲಿನ ವಾಸನೆ.
ಮೂಗಿಗೆ ತಕ್ಷಣ ಗುರುತು ಸಿಕ್ಕಿತು.
ಮಣ್ಣು ಸರಿಸಿದರೆ ಕೆಳಗೆ
ಮರದ ಕುತ್ತಿಗೆಗೆ ಮರದ್ದೇ ಒಂದು ಬೇರು
ಹಗ್ಗದಂತೆ ಬಿಗಿದಿತ್ತು.
ಅದನ್ನು ಉಳಿಯಿಂದ ತುಂಡರಿಸಿ ತೆಗೆದ.
ಎಷ್ಟೋ ವರ್ಷದ ಮೇಲೆ ನೇರಳೆಯ ಕಣಕಾಲು,
ಬಿಳಿಚಿಕೊಂಡು, ಸಂಕೋಚದಿಂದ, ಬೆಳಕಿಗೆ ಬಂತು.

ಮೂರನೇ ದಿನ ಹತ್ತಿದ.
'ಇಲ್ಲಿ ನೋಡಿ' ಎಂದು ಮೇಲಿಂದ ಕೂಗಿ ತೋರಿಸಿದ,
ಕೊಂಬೆ ಕಾಂಡಕ್ಕೆ ಸೇರುವಲ್ಲಿ
ಸುಕ್ಕುಸುಕ್ಕಾದ ಒಂದು ಉಬ್ಬು.
'ಇದು ಬಳೆ. ಬಳೆ ಬಿಟ್ಟು ಕೊಯ್ಯಬೇಕು.
ಬಳೆಗೆ ಗರಗಸ ತಾಗಿದರೆ ಗಾಯದ ಬಾಯಿ ಮುಚ್ಚುವವರಿಲ್ಲ.
ತೀರ ದೂರ ಕೊಯ್ದರೆ ಮೋಟು ಕೊಳೆಯುತ್ತದೆ,
ನಮ್ಮ ಮಳೆಗೆ ಅಷ್ಟು ನೆವ ಸಾಕು.'
ಮೊದಲು ಕೆಳಗಿಂದ ಒಂದು ಕಚ್ಚು,
ಆಮೇಲೆ ಮೇಲಿಂದ ಪೂರ್ತಿ,
ಒಂದೊಂದನ್ನೂ ಹಗ್ಗದಲ್ಲಿ ಇಳಿಸಿದ.
ತಲೆ ಬೋಳಿಸಲಿಲ್ಲ. ಗಾಳಿ ನುಸುಳುವಷ್ಟು ಕಿಂಡಿ.

'ಟಾರು ಬಳಿಯುವುದಿಲ್ಲವಾ?' ಲವೀನಾ.
'ಗಾಯಕ್ಕೆ ಏನಾದರೂ ಸುತ್ತುವುದಿಲ್ಲವಾ?' ನಾನು.
'ಏನೂ ಬೇಡ. ಮರದ ಗಾಯ ಮಾಯುವುದಿಲ್ಲ ಸಿಸ್ಟರೇ,
ಅದನ್ನು ಒಳಗಿಟ್ಟುಕೊಂಡೇ ಸುತ್ತ ಬೆಳೆಯುತ್ತದೆ.'
ಅಷ್ಟು ಹೇಳಿ ಬೀಡಿ ಹಚ್ಚಲು ಹೋದ.
ಕಡ್ಡಿಪೆಟ್ಟಿಗೆ ಥಂಡಿ ಹಿಡಿದಿತ್ತು, ಹತ್ತಲಿಲ್ಲ.

ಈಗ ಕಕ್ಕಡ. ಹನ್ನೊಂದು ದಿನದಿಂದ ಒಂದೇ ಸಮ.
ಕರೆಂಟಿಲ್ಲ. ರಾತ್ರಿ ಎರಡಕ್ಕೆ
ಮಾಲೆತಿರಿಕೆ ಬೆಟ್ಟದಿಂದ ಗಾಳಿ ಇಳಿಯುತ್ತದೆ.
ಮರ ಮೊದಲಿನಂತೆ ಮೊರೆಯುವುದಿಲ್ಲ,
ಯಾರೋ ಕತ್ತಲಲ್ಲಿ ಜರಡಿ ಆಡಿಸುತ್ತಿದ್ದಾರೆ.
ಕಿಟಕಿಯಿಂದ ಟಾರ್ಚು ಬಿಡುತ್ತೇನೆ.
ಆ ಕಡೆಯ ಕಿಟಕಿಯಿಂದಲೂ ಒಂದು ಟಾರ್ಚು.
ಎರಡು ಬೆಳಕೂ ಒದ್ದೆ ತೊಗಟೆಯ ಮೇಲೆ
ಒಂದನ್ನೊಂದು ಕಂಡು ಆರುತ್ತವೆ.

ಬೀದಿಯ ಮಗ್ಗುಲಲ್ಲಿ ಅಣಬೆಯೊಂದು ಎದ್ದಿದೆ,
ಕಿವಿಯಾಕಾರ, ಅಂಚು ಬೆಣ್ಣೆ ಬಣ್ಣ.
ಭಾನುವಾರಕ್ಕೊಮ್ಮೆ ಬೆರಳಲ್ಲಿ ಅಳೆದು
ಹಳೆಯ ಜ್ವರದ ಚಾರ್ಟಿನ ಬೆನ್ನಿಗೆ ಬರೆಯುತ್ತೇನೆ.
ಮೊದಲು ಒಂದು ಗೆಣ್ಣು. ಈ ವಾರ ಒಂದೂವರೆ.
ಮೊಯ್ದು ಫೋನಿನಲ್ಲಿ, 'ಮಳೆ ನಿಲ್ಲಲಿ, ಬಂದು ತಟ್ಟಿ ನೋಡುತ್ತೇನೆ.
ಒದ್ದೆಯಲ್ಲಿ ಗರಗಸ ಬೇಡ.'

ಬೆಳಿಗ್ಗೆ ಬಿಸಿ ಬನ್ ಹಿಡಿದು ಬೇಲಿಗೆ ಬಂದ ಲವೀನಾ
'ಪೇಷಂಟು ಹೇಗಿದೆ?' ಎನ್ನುತ್ತಾಳೆ.
ಮಗ ಇನ್ನೂ ಹಿಂದಿನ ಕೋಣೆಯಲ್ಲೇ ಮಲಗುತ್ತಾನೆ.
ಈಚೆ ಮಲಗಿಸು ಎಂದು
ನಾನೂ ಹೇಳಿಲ್ಲ.