ವಯಾ

ಬಸ್ಸಿನ ಹಣೆಯ ಮೇಲೆ ಬರೆದಿರುತ್ತದೆ:
ಶಿಡ್ಲಘಟ್ಟ, ವಯಾ ವಿಜಯಪುರ.
ನನ್ನ ಬೋರ್ಡಿಗೂ ವಯಾ ಉಂಟು.
ಮೇಲಿನ ತಾಮ್ರದಿಂದ ಕೆಳಗಿನ ತಾಮ್ರಕ್ಕೆ
ಕರೆಂಟು ಇಳಿದು ಹೋಗುವ ತೂತು,
ಸಾಸಿವೆಗಿಂತ ಸಣ್ಣದು,
ಒಳಗೋಡೆಗೆ ತೆಳ್ಳಗೆ ತಾಮ್ರದ ಪೂಸು.
ಎಷ್ಟು ಜನ ಹಿಡಿಸುತ್ತಾರೆಂದು ಬಸ್ಸಿನೊಳಗಾದರೂ ಬರೆದಿರುತ್ತಾರೆ,
ಯಾರೂ ಓದುವುದಿಲ್ಲ, ಅದು ಬೇರೆ ಮಾತು.
ತೂತಿನ ಮೇಲೆ ಯಾರು ಬರೆಯುತ್ತಾರೆ?

ಮೊದಲ ಬೋರ್ಡು ಸುಟ್ಟದ್ದು ಗುರುವಾರ,
ಇಮ್ದಾದ್ ಸಾಹೇಬರ ರೇಷ್ಮೆ ಬಿಚ್ಚಾಣಿಕೆ ಶೆಡ್ಡಿನಲ್ಲಿ.
ರಾಟೆಯ ಮೋಟಾರಿಗೆಂದು ನಾನೇ ಮಾಡಿಕೊಟ್ಟದ್ದು.
ನಾಲ್ಕು ನಿಮಿಷ ಚೆಂದ ತಿರುಗಿತು.
ಆಮೇಲೆ ಬೆಂದ ಹುಳುವಿನ ನಾತದ ನಡುವೆ
ಇನ್ನೊಂದು ನಾತ.
"ಇದು ನಮ್ಮದಲ್ಲ" ಅಂದರು ಸಾಹೇಬರು,
ಮೂಗು ನನ್ನ ಕಡೆ ತಿರುಗಿಸಿ.

ರಾತ್ರಿ ಲೆಕ್ಕಕ್ಕೆ ಕೂತೆ.
ತೂತಿನ ಅಗಲ, ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು.
ಗೋಡೆಯ ದಪ್ಪ, ಇಪ್ಪತ್ತೈದು ಮೈಕ್ರಾನು.
ಉದ್ದಕ್ಕೆ ಸೀಳಿ, ಬಿಡಿಸಿ, ಚಪ್ಪಟೆ ಹಾಸಿದರೆ
ಮಿಲಿಮೀಟರು ಅಗಲದ ಒಂದು ಪಟ್ಟಿ, ಅಷ್ಟೇ.
ಬಿಸಿಯಾಗದೆ ಅದು ಎಷ್ಟು ಹೊತ್ತೀತು?
ಬಿಸಿಯಾಗದೆ ಹೊರುವುದು ಯಾವುದೂ ಇಲ್ಲ.
ಹತ್ತು ಡಿಗ್ರಿ ಏರಲಿ ಎಂದು ಬಿಟ್ಟುಕೊಟ್ಟೆ:
ಒಂದು ಆಂಪಿಯರು.
ಮನಸ್ಸು ಧಾರಾಳವಿದ್ದರೆ ಒಂದೂವರೆ.
ಮೋಟಾರು ಕೇಳುವುದು ಎಂಟು.
ನಾನು ಕೊಟ್ಟಿದ್ದು ಎರಡು ತೂತು.
ದೀಪ ಆರಿಸಿದೆ, ಯಾರೂ ನೋಡದಿದ್ದರೂ.

ಮರುದಿನ ಬೇಸಿನ್ನಿನ ಮುಂದೆ ಅಕ್ಕಾಯಮ್ಮ.
ಕುದಿನೀರಲ್ಲಿ ಕುಣಿಯುವ ಗೂಡುಗಳಿಂದ
ಕಣ್ಣಿಗೆ ಕಾಣದ ಎಳೆ ಹೆಕ್ಕಿ, ಎಂಟು ಕೂಡಿಸಿ,
ಒಂದು ನೂಲಾಗಿ ರಾಟೆಗೆ ಏರಿಸುತ್ತಿದ್ದಳು.
ಒಂದೆಳೆ ಎಷ್ಟು ದಪ್ಪ ಎಂದೆ.
"ದಪ್ಪಾನಾ? ಅದುಕ್ಕೆ ದಪ್ಪ ಎಲ್ಲೈತಮ್ಮ?"
ಒಂದು ತುಂಡು ಬೇಡಿ ತಂದು
ಸೂಕ್ಷ್ಮದರ್ಶಕದ ಕೆಳಗಿಟ್ಟೆ.
ಇಪ್ಪತ್ತನಾಲ್ಕು. ಇನ್ನೊಂದು ಕಡೆ ಇಪ್ಪತ್ತಾರು.
ನನ್ನ ಗೋಡೆಯೂ ಅದರ ಎಳೆಯೂ
ಒಂದೇ ಅಳತೆ.
ಓಡಿಹೋಗಿ ಹೇಳಿದೆ.
ಅವಳಿಗೇನೂ ಬೆರಗಾಗಲಿಲ್ಲ.
"ಒಂದುನ್ನ ನಂಬಬಾರ್ದು ಅಂತ ತಾನೇ ಎಂಟು ಸೇರ್ಸೋದು."

ಎಂಟು ತೂತು ಕೊರೆಸಿದೆ, ಸಾಲಾಗಿ.
ಮಧ್ಯಾಹ್ನದವರೆಗೂ ಓಡಿತು.
ಬೆರಳಿಟ್ಟೆ: ಮೊದಲನೆಯದು ಚುರುಕ್ಕೆಂದಿತು,
ಎಂಟನೆಯದು ತಣ್ಣಗೆ, ಸಂಬಂಧವೇ ಇಲ್ಲದ ಹಾಗೆ.
ಕರೆಂಟಿಗೂ ಬಸ್ಸಿನ ಜನಕ್ಕೂ ಒಂದೇ ಬುದ್ಧಿ,
ಹತ್ತಿರದ ಬಾಗಿಲಲ್ಲೇ ನೇತಾಟ.
ಕಂಡಕ್ಟರು ಗಂಟಲು ಹರಿದುಕೊಂಡು
ಹಿಂದಕ್ಕೆ ನಡೀರಿ, ಹಿಂದಕ್ಕೆ ಖಾಲಿ ಐತೆ ಎಂದರೂ
ಕೇಳುವವರಾರು?
"ಎಂಟು ಅನ್ನೋದು ಸಾಬ್ರಿಗೆ ಹೇಳೋ ಲೆಕ್ಕ" ಅಂದಳು ಅಕ್ಕಾಯಮ್ಮ.
"ಯಾವುದು ತೆಳ್ಳಗಾಗ್ತಾ ಐತೋ ಅದುನ್ನ ನೋಡ್ತಿರಬೇಕು,
ಕಡಿಯೋ ಮುಂಚೆ ಇನ್ನೊಂದು ಹಚ್ಚಬೇಕು."

ಸುಟ್ಟ ಬೋರ್ಡನ್ನು ಅಡ್ಡ ಕೊಯ್ದು, ಉಜ್ಜಿ, ನೋಡಿದೆ.
ಗೋಡೆಯ ಬಾಯಲ್ಲಿ ಇಪ್ಪತ್ತೈದು,
ನಡುವಲ್ಲಿ ಹದಿನೆಂಟು.
ಬಿಲ್ಲಿನಲ್ಲಿ ಮಾತ್ರ ಎಲ್ಲೆಡೆ ಇಪ್ಪತ್ತೈದು.
ಸೂತ್ರದೊಳಗೆ ತಾಮ್ರ ಇತ್ತು, ಶಾಖ ಇತ್ತು,
ತಾಮ್ರ ಪೂಸಿದವನ ಸಂಜೆಯ ದಣಿವು ಇರಲಿಲ್ಲ.

ಮೂರನೆಯದಕ್ಕೆ ಹದಿನಾಲ್ಕು ತೂತು,
ಸಾಲು ಮುರಿದು, ಅಗಲಕ್ಕೆ ಚೆಲ್ಲಿ,
ಮೇಲೂ ಕೆಳಗೂ ತಾಮ್ರದ ಬಯಲು.
ಮೋಟಾರು ತಿರುಗಿತು. ಸಾಹೇಬರು ಚಹಾ ತರಿಸಿದರು.
ಅಕ್ಕಾಯಮ್ಮ ಒದ್ದೆ ಕೈ ಸೆರಗಿಗೆ ಒರೆಸಿ
ಬೋರ್ಡಿನ ಮೇಲೆ ಬೆರಳಿಟ್ಟು,
"ತಣ್ಣಗೈತೆ, ಬಿಡು" ಅಂದಳು.

ನನ್ನ ಮೀಟರು ಅರವತ್ತೆರಡು ತೋರಿಸಿತು.
ಅವಳ ಬೆರಳ ತುದಿಗಳನ್ನು ಆಗ ನೋಡಿದೆ:
ಬೆಳ್ಳಗೆ, ನೆರಿಗೆ ಸವೆದು, ಗೆರೆಯೇ ಇಲ್ಲದೆ,
ಇಪ್ಪತ್ತೊಂದು ವರ್ಷದ ಬಿಸಿನೀರು.

ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡೆ:
ಅರವತ್ತೆರಡು.
ತಣ್ಣಗಿದೆ.