ಓದಿ ಹೇಳಲಾಯಿತು

ಕೊರಪೊಲು ಪೂಜಾರ್ತಿ ಕಟಕಟೆಯ ಮರವನ್ನು
ಮೊದಲು ಸೆರಗಿನಿಂದ ಒರಸಿದಳು.
ಆಮೇಲೆ ಹೇಳಿದಳು:
ಉಂದು ಎನ್ನ ಅಮ್ಮೆರ್ ತೋಡಿನ ಗುವೆಲ್.

ಟೈಪಿಸ್ಟ್ ಹುಡುಗ ಗದಗದ ಕಡೆಯವನು,
ಮಂಗಳೂರಿಗೆ ಬಂದು ಹದಿನೈದು ದಿನ,
ಕುಚ್ಚಲಕ್ಕಿ ಇನ್ನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.
ಗೊತ್ತಿರುವ ಪದವೊಂದು ಸಿಕ್ಕ ಖುಷಿಗೆ
ಯಾರೂ ಕನ್ನಡಕ್ಕೆ ತರುವ ಮೊದಲೇ ಬಡಿದುಬಿಟ್ಟ:
‘ಸದರಿ ಬಾವಿಯನ್ನು ನನ್ನ ತಾಯಿ ತೋಡಿರುತ್ತಾರೆ.’

ನಾನು ಬೆಂಚ್ ಗುಮಾಸ್ತ. ಓದಿ ಹೇಳುವುದು ಕೆಲಸ.
ಕಾಗದದಲ್ಲಿದ್ದಂತೆ ತುಳುವಿನಲ್ಲಿ ಹೇಳಿದೆ, ಅಪ್ಪೆ ಎಂದು.
ಬುಟ್ಟಿಯಲ್ಲಿ ಒಂದು ಬಂಗುಡೆ ಕಡಿಮೆ ಎಣಿಸಿದವನನ್ನು
ನೋಡುವ ಹಾಗೆ ಮುದುಕಿ ನನ್ನನ್ನು ನೋಡಿದಳು.
‘ಅಪ್ಪೆ ಗುವೆಲ್ ತೋಡುನಗ
ಅಮ್ಮೆರ್ ದಾದ ಮಲ್ತೊಂದಿತ್ತೆರ್ ಸ್ವಾಮಿ?’

ಎರಡೂ ಕಡೆಯ ವಕೀಲರು ಒಟ್ಟಿಗೆ ನಕ್ಕದ್ದು
ಆ ದಾವೆಯಲ್ಲಿ ಅದೊಂದೇ ಸಲ.
ಅಳಿಯಕಟ್ಟಿನ ಮನೆ.
ತಾಯಿಯ ಬಾವಿಯೆಂದರೆ ನೀರು ಒಬ್ಬರಿಗೆ,
ತಂದೆಯದೆಂದರೆ ಇನ್ನೊಬ್ಬರಿಗೆ.
ಅವಳು ಸುಮ್ಮನೆ ಹೆಬ್ಬೆಟ್ಟು ಒತ್ತಿದ್ದರೆ
ಯಾರದೋ ಕೊಡಪಾನ ಬರಿದಾಗಿ ಹಿಂದೆ ಬರುತ್ತಿತ್ತು.

ಹುಡುಗ ಬೆವೆತ. ಹೇಳಿದೆ,
ಇಲ್ಲಿ ಅಮ್ಮೆ ಅಂದರೆ ಅಪ್ಪ, ಅಪ್ಪೆ ಅಂದರೆ ಅಮ್ಮ.
ತಿರುಗಾಮುರುಗಾ ಐತಲ್ರೀ ಸರ, ಅಂದ.
ಎಲ್ಲಿ ನಿಂತು ನೋಡಿದರೆ ಮಾರಾಯ?

‘ತಾಯಿ’ ಹೊಡೆದು ‘ತಂದೆ’ ಬರೆದು
ಸಾಹೇಬರ ಸಹಿ ಹಾಕಿಸಿದೆವು. ನ್ಯಾಯ ಸರಿಯಾಯಿತು.
ಅವಳು ಆಡಿದ ಪದ ಮಾತ್ರ
ತಿದ್ದುವ ಮೊದಲೂ ಕಾಗದದಲ್ಲಿರಲಿಲ್ಲ,
ತಿದ್ದಿದ ಮೇಲೂ ಇಲ್ಲ.
ಮೂವತ್ತೊಂದು ವರ್ಷದ ಸಾಕ್ಷಿಗಳು
ರೆಕಾರ್ಡ್ ರೂಮಿನ ಗೆದ್ದಲಿನ ನಡುವೆ ಕುಳಿತು
ತಾವು ಎಂದೂ ಆಡದ ಕನ್ನಡ ಆಡುತ್ತಿದ್ದಾರೆ.

ಈಗ ಪಿಂಚಣಿ. ಬೆಂಗ್ರೆಗೆ ದಾಟುವ ದೋಣಿಯಲ್ಲಿ
ಒಮ್ಮೊಮ್ಮೆ ಇದೇ ಯೋಚನೆ.
ನನ್ನ ಮನೆಮಾತು ಬ್ಯಾರಿ.
ಉಮ್ಮ ಬೈದದ್ದು ಅದರಲ್ಲಿ,
ಮಯ್ಯತ್ತಿನ ಮನೆಯಲ್ಲಿ ತಗ್ಗಿದ ಸ್ವರಕ್ಕೂ ಅದೇ.
ನಮ್ಮವರು ಕಟಕಟೆ ಹತ್ತಿದರೆ
ಚಪ್ಪಲಿಯ ಜೊತೆ ಅದನ್ನೂ ಹೊರಗೆ ಬಿಟ್ಟು
ತುಳುವಿಗೋ ಕನ್ನಡಕ್ಕೋ ಬದಲಾಗುತ್ತಿದ್ದರು.
ನಾನೂ ಅವರನ್ನು ತುಳುವಿನಲ್ಲೇ ಕೇಳುತ್ತಿದ್ದೆ.
ಹಾಗಾಗಿ ಬ್ಯಾರಿಯ ಒಂದು ಪದವನ್ನೂ
ಯಾವ ಟೈಪಿಸ್ಟನೂ ತಪ್ಪು ಬಡಿದಿಲ್ಲ.
ಬಡಿದರಲ್ಲವೇ ತಪ್ಪುವುದು.

ಕೊರಪೊಲುವಿನ ಮೇಲೆ ನನಗೆ
ಆಗ ಬಂದದ್ದು ಮರ್ಯಾದೆ ಎಂದುಕೊಂಡಿದ್ದೆ.
ಹೊಟ್ಟೆಕಿಚ್ಚೂ ಇತ್ತು.

ಇಷ್ಟನ್ನೂ ಕನ್ನಡದಲ್ಲಿ ಬರೆದು
ನಿಮಗೆ ಓದಿ ಹೇಳಿದ್ದೇನೆ.
ಸರಿ ಉಂಟಾ?