ಮುಂದಿನ ಸೀಟಿನ ಲೆಕ್ಕ

ಕಲಿತು ಬಾ ಎಂದು ಕಳಿಸಿದ್ದರು ನನ್ನನ್ನು
ಔಲು ನಗರದ ಸಾರಿಗೆ ಕಚೇರಿಯವರು,
ಇಪ್ಪತ್ತೆರಡು ವರ್ಷ ವೇಳಾಪಟ್ಟಿ ಬರೆದವಳನ್ನು.
ನಮ್ಮಲ್ಲಿ ಏಳು ನಲವತ್ತೆರಡರ ಬಸ್ಸು
ಏಳು ನಲವತ್ತೆರಡಕ್ಕೇ ಬರುತ್ತದೆ.
ಹಿಮದಲ್ಲಿ ಬಾಗಿಲು ತೆರೆಯುತ್ತದೆ. ಯಾರೂ ಹತ್ತುವುದಿಲ್ಲ.
ನಲವತ್ತು ಬೆಚ್ಚಗಿನ ಸೀಟುಗಳನ್ನು ಹೊತ್ತು
ಮರ್ಯಾದೆಯಿಂದ ಮುಂದಕ್ಕೆ ಹೋಗುತ್ತದೆ.

ಜೊಹಾನ್ಸ್‌ಬರ್ಗಿನ ಟ್ಯಾಕ್ಸಿ ನಿಲ್ದಾಣದಲ್ಲಿ
ನನ್ನ ಮೊದಲ ಪ್ರಶ್ನೆ: ಎಷ್ಟು ಗಂಟೆಗೆ ಹೊರಡುತ್ತದೆ?
ಮ್ಜ್ವಾಂಡಿಲೆ, ಚಾಲಕ,
ಕಚ್ಚುತ್ತಿದ್ದ ಜೋಳದ ತೆನೆಯನ್ನು ಬಾಯಿಂದ ತೆಗೆದು
‘ತುಂಬಿದಾಗ’ ಎಂದ.
ಬರೆದುಕೊಂಡೆ.
ಮುಂದಿನ ಹತ್ತು ಪ್ರಶ್ನೆಗಳು
ಕೇಳದೆಯೇ ಕೆಳಗೆ ಬಿದ್ದವು.

ರಸ್ತೆಬದಿಯ ಕೈಗಳನ್ನು ಓದಲು ಕಲಿಸಿದವಳು
ಫೋನಿನ ಕವರು ಮಾರುವ ನೊಲ್ವಾಝಿ.
ತೋರುಬೆರಳು ಮೇಲಕ್ಕೆ: ಪೇಟೆಗೆ.
ಕೆಳಕ್ಕೆ: ಇಲ್ಲೇ ಸುತ್ತಮುತ್ತ.
ಅಂಗೈ ಬಟ್ಟಲಾಗಿ ಕಾಣದ ಕಿತ್ತಳೆಯೊಂದನ್ನು ಹಿಡಿದರೆ
ಆರೆಂಜ್ ಫಾರ್ಮಿಗೆ.
ನಾನೂ ಹಿಡಿದೆ, ನಾಚಿಕೊಂಡು.
ಫಲಕವಿಲ್ಲ, ನಂಬರಿಲ್ಲ,
ಇಲ್ಲದ ಹಣ್ಣಿನ ಎದುರು
ಕಿರ್ರನೆ ನಾಲ್ಕು ಚಕ್ರ ನಿಂತವು.

ಗೊತ್ತಿಲ್ಲದೆ ಮುಂದಿನ ಸೀಟಿಗೆ ಹತ್ತಿದ್ದೆ.
ಮುಂದೆ ಕೂತವರು ದುಡ್ಡು ಎಣಿಸಬೇಕಂತೆ.
ಕಿಟಕಿ ಪಕ್ಕದ ಹುಡುಗ ಅದಕ್ಕೇ
ಹತ್ತಿದ ಕ್ಷಣವೇ ನಿದ್ದೆ ಹೋಗಿದ್ದ.
ಭುಜಕ್ಕೆ ತಟ್ಟಿತೊಂದು ಕೈ. ಕೈಯಲ್ಲಿ ನೂರರ ನೋಟು.
‘ಹಿಂದಿನ ನಾಲ್ವರದು.’
ತಲೆಗೆ ಹದಿನೆಂಟು ರ‍್ಯಾಂಡ್. ಎಪ್ಪತ್ತೆರಡು ಹೋಗಿ
ಇಪ್ಪತ್ತೆಂಟು ವಾಪಸು.
ಕೊಟ್ಟೆ. ಚಿಲ್ಲರೆ ನಾಲ್ಕು ಸಾಲು ದಾಟಿ
ಒಂದು ನಾಣ್ಯವೂ ಸವೆಯದೆ ಹಿಂದಕ್ಕೆ ಹೋಯಿತು.
ಇನ್ನೊಂದು ನೋಟು. ಬೆವರಿಗೆ ಒದ್ದೆಯಾದದ್ದು.
ಇನ್ನೊಂದು ಕೈ, ಉಗುರಿನಲ್ಲಿ ಸಿಮೆಂಟು.
ಮಡಿಲಲ್ಲಿ ನಾಣ್ಯಗಳ ಗುಡ್ಡೆ ಮಾಡಿಕೊಂಡು
ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂತವಳಂತೆ ಬೆವತೆ.

ನಾವು ಹದಿನೈದು ಜನ. ಇನ್ನೂರ ಎಪ್ಪತ್ತು ಆಗಬೇಕು.
ನನ್ನ ಬಳಿ ಇನ್ನೂರ ಐವತ್ತೆರಡು.
ಮತ್ತೆ ಎಣಿಸಿದೆ. ಇನ್ನೂರ ಐವತ್ತೆರಡೇ.
ಮ್ಜ್ವಾಂಡಿಲೆ ಕನ್ನಡಿಯಲ್ಲಿ ನೋಡಿದ, ಬೈಯಲಿಲ್ಲ,
ವೇಗ ಮಾತ್ರ ಸ್ವಲ್ಪ ಇಳಿಸಿದ.
ಎಲ್ಲರಿಗೂ ಒಮ್ಮೆಗೇ ಕಿಟಕಿಯಾಚೆ ಏನೋ ಕಂಡಿತು.
ಮೂರನೆಯ ಸಾಲಿನ ಅಜ್ಜಿ ಜುಲುವಿನಲ್ಲಿ ಒಂದು ಮಾತೆಸೆದಳು.
ನಗು.
ಆಮೇಲೆ ಹಿಂದಿನಿಂದ ಹದಿನೆಂಟು ಬಂತು,
ಕೈಯಿಂದ ಕೈಗೆ, ಕೈಯಿಂದ ಕೈಗೆ.
ಯಾರ ಕೈಯಿಂದ ಹೊರಟಿತೋ
ತಿರುಗಿ ನೋಡುವಷ್ಟರಲ್ಲಿ ಅದು ಎಲ್ಲರದಾಗಿತ್ತು.

‘ಶಾರ್ಟ್ ಲೆಫ್ಟ್!’
ಕೂಗು ಹುಟ್ಟಿದಲ್ಲೇ ನಿಲ್ದಾಣವೂ ಹುಟ್ಟಿತು.
ಅಜ್ಜಿ ಇಳಿದಳು, ನಿಲ್ದಾಣ ಅಳಿಸಿಹೋಯಿತು.

ಸಂಜೆ ಮ್ಜ್ವಾಂಡಿಲೆ ನನ್ನನ್ನು ಗಾಡಿ ಸುತ್ತಿಸಿದ.
ಟೈರು ಮುಟ್ಟು ಎಂದ. ಬೋಳು, ನನ್ನಪ್ಪನ ತಲೆಯಂತೆ.
ಗಾಡಿ ಅವನದಲ್ಲ. ತುಂಬಲಿ ಬಿಡಲಿ, ರಾತ್ರಿ
ಮಾಲೀಕನ ಕೈಗೆ ಇಷ್ಟು ಎಂದರೆ ಇಷ್ಟು.
ಬೆಳಗಿನ ಮೂರೂವರೆಗೆ ಏಳುತ್ತಾನೆ.
ಬಾಗಿಲಲ್ಲಿ ಮೂರು ಕಡೆ ಬೇರೆ ಬಣ್ಣದ ತೇಪೆ.
ಒಂದೇ ದಾರಿಗೆ ಎರಡು ಸಂಘ ಜಗಳವಾಡಿದ ವಾರ
ಒಳಗೆ ಬಂದ ಗುಂಡುಗಳ ಗುರುತು.
‘ಇದನ್ನೂ ಬರೆದುಕೋ,’ ಎಂದ,
‘ಬರೀ ಕಿತ್ತಳೆ ಒಯ್ಯಬೇಡ.’

ಬರೆದೆ. ವರದಿಯಲ್ಲಿ ಒಟ್ಟು ಮೂವತ್ತೊಂದು ಪುಟ.
ಆ ಹದಿನೆಂಟು ರ‍್ಯಾಂಡನ್ನು
ಆದಾಯದಲ್ಲಿ ಹಾಕಲೋ, ನಷ್ಟದಲ್ಲೋ,
ಇತರೆ ಎಂಬಲ್ಲಿ ಬಿಟ್ಟುಬಿಟ್ಟೆ.

ಮೊನ್ನೆ ಏಳು ನಲವತ್ತೆರಡಕ್ಕೆ ನಾನೇ ಹತ್ತಿದೆ.
ಒಳಗೆ ಆರು ಜನ, ಆರು ಕಿಟಕಿ,
ಪ್ರತಿಯೊಬ್ಬರ ಪಕ್ಕಕ್ಕೂ ಒಂದು ಚೀಲ.
ಚಾಲಕನ ಹಿಂದಿನ ಸೀಟಿನಲ್ಲಿ ಕೂತೆ.
ಎರಡು ತಿರುವು ಕಳೆದ ಮೇಲೆ ಗೊತ್ತಾಯಿತು,
ನನ್ನ ಎಡಗೈ ಭುಜದ ಮೇಲಿಂದ ಹಿಂದಕ್ಕೆ ಚಾಚಿ
ಅಂಗೈ ತೆರೆದುಕೊಂಡೇ ಇತ್ತು.
ಯಾರೂ ಏನೂ ಇಡಲಿಲ್ಲ.
ಇಡಲು ಏನಿದೆ, ಎಲ್ಲರ ಕಾರ್ಡೂ
ಬಾಗಿಲಲ್ಲೇ ಪೀಂ ಎಂದಿತ್ತು.
ಹಿಂದೆ ಒಬ್ಬ ಮುದುಕ ಕೆಮ್ಮಿದ.
ಕೈ ಒಳಗೆಳೆದು ಗ್ಲೌಸು ಹಾಕಿಕೊಂಡೆ.